ಸಿಂಥಸೈಜರಿನ ಸ್ವರಗಳನ್ನು ಗಣಕಯಂತ್ರದಲ್ಲಿ ಕೂಡಿಡುವ ಬಗೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಸಂಗೀತವೆಂಬುದು ಕಲೆ, ಯಂತ್ರವೆಂಬುದು ವಿಜ್ಞಾನ ಎಂದು ಇವೆರಡನ್ನೂ ಬೇರೆ ಬೇರೆ ಗೂಡುಗಳಲ್ಲಿಟ್ಟು ನೋಡುವುದು ನಮ್ಮಲ್ಲಿ ವಾಡಿಕೆ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಾನು ತಂತಿ, ವಿದ್ಯುತ್ತು, ಗಣಕಯಂತ್ರಗಳ ವಿಷಯ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ನಮ್ಮ ತಂದೆಯವರು ಊರಿನಲ್ಲಿ ಮೈಕ್‌ಸೆಟ್ಟನ್ನು ಬಾಡಿಗೆಗೆ ಕೊಡುವವರು; ನಮ್ಮ ಸೋದರಮಾವನವರು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದರೂ, ಧ್ವನಿಯ ಪಾಠವನ್ನು ಮಾತ್ರ ಮನೆಯಲ್ಲಿಯೇ ಕಲಿತೆನೆಂದು ಹೇಳಬಲ್ಲೆ. ಆ ಧೈರ್ಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮಾವನವರ ಬಳಿ ಇರುವುದು ಯಮಾಹಾ ಡಿಎಕ್ಸ್-7 ಎಂಬ ಸಿಂಥಸೈಜರ್. 1983ರಲ್ಲಿ ಪೇಟೆಗೆ ಬಂದ ಮಾದರಿ ಇದು. ಅವರು ಅದನ್ನು ಯಾರೋ ನುಡಿಸಿ ಬಿಟ್ಟ ಮೇಲೆ ಎರಡನೆಯ ಕೈಯಿಂದ ಕೊಂಡರು. ಮದುವೆ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಅದು ನಮ್ಮ ಸೀಮೆಯ ವೇದಿಕೆಗಳನ್ನೆಲ್ಲ ಏರಿ ಇಳಿದಿದೆ. ಈ ಯಂತ್ರದ ಒಳಗೆ 32 ಬಗೆಯ ಸ್ವರಗಳನ್ನು ಇಟ್ಟುಕೊಳ್ಳಲು ಸ್ಥಳವುಂಟು. ಮಾವನವರು ಗುಂಡಿಗಳನ್ನು ಒತ್ತಿ ಒತ್ತಿ, ಕಾರ್ಖಾನೆಯವರು ಕೊಟ್ಟಿದ್ದ ಸ್ವರಗಳಲ್ಲಿ ಹಲವನ್ನು ತೆಗೆದು, ಅಲ್ಲಿ ತಮ್ಮದೇ ಆದ ಸ್ವರಗಳನ್ನು ಕಟ್ಟಿಕೊಂಡಿದ್ದರು. ಅವುಗಳಲ್ಲೊಂದು ನಾಗಸ್ವರವನ್ನು ಹೋಲುತ್ತಿತ್ತು. ಓಲಗದವರು ಬರುವುದು ತಡವಾದ ಎಷ್ಟೋ ಮುಹೂರ್ತಗಳು ಆ ಸ್ವರದಲ್ಲಿಯೇ ನಡೆದುಹೋದವು.

2020ರಲ್ಲಿ ಕೊರೊನಾ ಬಂದು ಜಾತ್ರೆ, ಮದುವೆಗಳೆಲ್ಲ ನಿಂತವು. ಯಂತ್ರಕ್ಕೆ ಬಟ್ಟೆ ಹೊದಿಸಿ ಅಟ್ಟದ ಮೇಲಿಟ್ಟರು. ಒಂದು ವರ್ಷಕ್ಕೂ ಮೀರಿ ಅದು ಅಲ್ಲಿಯೇ ಉಳಿಯಿತು. ಮತ್ತೆ ಇಳಿಸಿ ವಿದ್ಯುತ್ತು ಕೊಟ್ಟಾಗ ದೀಪ ಉರಿಯಿತು, ಕೀಲಿಗಳು ಆಡಿದವು. ಆದರೆ ಒಳಗಿದ್ದ ಸ್ವರಗಳು ಒಂದೂ ಇರಲಿಲ್ಲ. ಆ ಸ್ವರಗಳ ನೆನಪನ್ನು ಯಂತ್ರದಲ್ಲಿ ಕಾಯುತ್ತಿದ್ದುದು ನಾಲ್ಕಾಣೆ ಬಿಲ್ಲೆಯಷ್ಟಗಲದ ಒಂದು ಬ್ಯಾಟರಿ. ಅದಕ್ಕೆ ಆಯುಸ್ಸು ತೀರಿತ್ತು. ಅದಕ್ಕೂ ಆಯುಸ್ಸಿದೆಯೆಂಬುದು ಮಾವನವರಿಗಾಗಲಿ ನಮಗಾಗಲಿ ಗೊತ್ತಿರಲಿಲ್ಲ. ಹೊಸ ಬ್ಯಾಟರಿಯನ್ನು ಬೆಸೆಸಿದ ಮೇಲೆ ಮಾವನವರು ಆರು ತಿಂಗಳು ಕುಳಿತು, ಕಿವಿಯ ನೆನಪೊಂದನ್ನೇ ಹಿಡಿದು, ಹನ್ನೊಂದು ಸ್ವರಗಳನ್ನು ಮರಳಿ ಕಟ್ಟಿದರು. ನಾಗಸ್ವರ ಮಾತ್ರ ಮರಳಿ ಬರಲಿಲ್ಲ. ಹನ್ನೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಹೊರಟಾಗ ನಾನು ಕಲಿತದ್ದೇ ಈ ಲೇಖನದ ವಿಷಯ.

ಮೊದಲು ಸಿಂಥಸೈಜರ್ ಎಂದರೇನೆಂಬುದನ್ನು ನೋಡೋಣ. ವೀಣೆಯಲ್ಲಿ ತಂತಿ ಅದುರುತ್ತದೆ, ಕೊಳಲಿನಲ್ಲಿ ಗಾಳಿ ಅದುರುತ್ತದೆ. ಸಿಂಥಸೈಜರಿನಲ್ಲಿ ಅದುರುವುದು ವಿದ್ಯುತ್ತು. ಅದು ಧ್ವನಿವರ್ಧಕಕ್ಕೆ ಹೋದ ಮೇಲೆಯೇ ಕಿವಿಗೆ ಕೇಳುವ ನಾದವಾಗುತ್ತದೆ. ಅಮೆರಿಕದ ರಾಬರ್ಟ್ ಮೂಗ್ ಎಂಬವರು 1964ರಲ್ಲಿ ಮಾಡಿದ ಬಗೆಯ ಯಂತ್ರಗಳಲ್ಲಿ, ಮೊದಲು ದಟ್ಟವಾದ ನಾದವೊಂದನ್ನು ಹುಟ್ಟಿಸಿ, ಅನಂತರ ಬೇಡವಾದ ಅಂಶಗಳನ್ನು ಸೋಸಿ ತೆಗೆಯುತ್ತಾರೆ. ಡಿಎಕ್ಸ್-7ರ ದಾರಿ ಬೇರೆ. ಅದರ ತತ್ತ್ವವನ್ನು 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಚೌನಿಂಗ್ ಎಂಬವರು ಕಂಡುಕೊಂಡರು. ಗಾಯಕನು ಸ್ವರವೊಂದನ್ನು ಮೆಲ್ಲನೆ ತೂಗಿದರೆ ನಮಗೆ ಆ ತೂಗಾಟ ಕೇಳುತ್ತದೆ. ಅದೇ ತೂಗಾಟ ಸೆಕೆಂಡಿಗೆ ನೂರಾರು ಬಾರಿ ನಡೆದರೆ ತೂಗಾಟವೆಂದು ಕಿವಿಗೆ ತೋರುವುದೇ ಇಲ್ಲ. ಸ್ವರದ ಬಣ್ಣವೇ ಬದಲಾಗಿ, ಗಂಟೆಯಂತೆಯೋ ತುತ್ತೂರಿಯಂತೆಯೋ ಕೇಳುತ್ತದೆ. ಡಿಎಕ್ಸ್-7ರಲ್ಲಿ ಇಂತಹ ಆರು ತರಂಗಗಳಿದ್ದು, ಯಾವುದು ಯಾವುದನ್ನು ತೂಗಬೇಕೆಂಬುದಕ್ಕೆ 32 ಜೋಡಣೆಗಳಿವೆ.

ಇನ್ನು ಸ್ಯಾಂಪ್ಲಿಂಗ್. ಈ ಮಾತಿಗೆ ಎರಡು ಅರ್ಥಗಳಿರುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಮೊದಲನೆಯ ಅರ್ಥ ಅಳತೆಗೆ ಸಂಬಂಧಿಸಿದುದು. ತಂತಿಯಲ್ಲಿ ಏರಿಳಿಯುತ್ತ ಬರುವ ವಿದ್ಯುತ್ತನ್ನು ಗಣಕಯಂತ್ರವು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕೆಯಾಗಿ ಬರೆದಿಡುತ್ತದೆ. ಇಷ್ಟೊಂದು ಬಾರಿ ಏಕೆಂದರೆ, ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಕಂಪನವೊಂದನ್ನು ತಪ್ಪಿಲ್ಲದೆ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಅಳತೆಯ ಕೋಲು 16 ಬಿಟ್ಟಿನದಾದರೆ ಅದರಲ್ಲಿ 65,536 ಗೆರೆಗಳಿರುತ್ತವೆ. 24 ಬಿಟ್ಟಿನದಾದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿದ ಗೆರೆಗಳು. ಗೆರೆಗಳು ನಯವಾದಷ್ಟೂ ಮೆಲ್ಲನೆಯ ಸದ್ದು ಶುದ್ಧವಾಗಿ ಉಳಿಯುತ್ತದೆ.

ಎರಡನೆಯ ಅರ್ಥ, ಹೀಗೆ ಬರೆದಿಟ್ಟ ಸ್ವರದ ತುಣುಕನ್ನೇ ಒಂದು ವಾದ್ಯವನ್ನಾಗಿ ಮಾಡಿಕೊಳ್ಳುವುದು. ಗಣಕಯಂತ್ರಕ್ಕೆ ಜೋಡಿಸಿದ ಕೀಲಿಮಣೆಯಲ್ಲಿ ಒಂದು ಕೀಲಿಯನ್ನು ಒತ್ತಿದರೆ, ಆ ಕೀಲಿಗೆ ಸೇರಿದ ತುಣುಕು ಮೊಳಗುತ್ತದೆ. ಇದು ತೀರ ಹೊಸ ಯೋಚನೆಯೇನೂ ಅಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಸುಮಾರು ಎಂಟು ಸೆಕೆಂಡು ಓಡುವ ಟೇಪಿನ ಪಟ್ಟಿಯಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್, ಕಿಮ್ ರೈರಿ ಎಂಬಿಬ್ಬರು ಫೇರ್‌ಲೈಟ್ ಎಂಬ ಯಂತ್ರದಲ್ಲಿ ಟೇಪಿಗೆ ಬದಲು ಗಣಕದ ಸ್ಮೃತಿಯನ್ನೇ ಬಳಸಿದರು. ಅಂದು ಶ್ರೀಮಂತರ ಸ್ಟುಡಿಯೋಗಳಿಗೆ ಮಾತ್ರ ಎಟುಕುತ್ತಿದ್ದ ಕೆಲಸವನ್ನು ಇಂದು ಹಳೆಯ ಲ್ಯಾಪ್‌ಟಾಪಿನಲ್ಲಿ, ಹಣವಿಲ್ಲದೆ ದೊರೆಯುವ ಸಾಫ್ಟ್‌ವೇರಿನಿಂದಲೇ ಮಾಡಬಹುದು. ನಾನು ಧ್ವನಿ ಹಿಡಿಯಲೂ ಕತ್ತರಿಸಲೂ ಬಳಸಿದ್ದು ಆಡಾಸಿಟಿ ಎಂಬುದನ್ನು. ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ಒಂದು ಪ್ರಶ್ನೆ ಇಲ್ಲಿ ಏಳಬಹುದು. ಸ್ವರದ ಲೆಕ್ಕಾಚಾರವನ್ನೇ ನಕಲು ಮಾಡಿಟ್ಟುಕೊಂಡರೆ ಸಾಲದೆ? ಸಾಲುತ್ತದೆ, ಮತ್ತು ಅದನ್ನೂ ಮಾಡಲೇಬೇಕು. ಡಿಎಕ್ಸ್-7ರ 32 ಸ್ವರಗಳ ಲೆಕ್ಕವೆಲ್ಲ ಸೇರಿ 4,096 ಬೈಟುಗಳು ಮಾತ್ರ. ಒಂದು ತಂತಿ ಸಿಕ್ಕಿಸಿ ಕ್ಷಣಾರ್ಧದಲ್ಲಿ ಗಣಕಕ್ಕೆ ಇಳಿಸಿಕೊಳ್ಳಬಹುದು. ನಾವು ಈ ಕೆಲಸವನ್ನು ಮೊದಲೇ ಮಾಡಿದ್ದರೆ ನಾಗಸ್ವರ ಉಳಿಯುತ್ತಿತ್ತು. ಆದರೆ ಲೆಕ್ಕವೆಂಬುದು ಅಡುಗೆಯ ವಿಧಾನವನ್ನು ಬರೆದಿಟ್ಟ ಚೀಟಿಯಂತೆ. ಸ್ಯಾಂಪಲ್ ಎಂಬುದು ಬಡಿಸಿದ ಅಡುಗೆಯಂತೆ. ಚೀಟಿಯಿಂದ ಅಡುಗೆ ಮಾಡಲು ಆ ಒಲೆಯೋ ಅದರಂತಹ ಇನ್ನೊಂದೋ ಬೇಕು. ಹಳೆಯ ಯಂತ್ರದ ಹೊರದಾರಿಯಲ್ಲಿ ಸ್ವರಕ್ಕೆ ಅಂಟಿಕೊಳ್ಳುವ ಸಣ್ಣ ಒರಟುತನ ಚೀಟಿಯಲ್ಲಿ ಬರುವುದಿಲ್ಲ. ಅಲ್ಲದೆ ಮೂಗ್ ಬಗೆಯ ಅನೇಕ ಹಳೆಯ ಯಂತ್ರಗಳಲ್ಲಿ ಸ್ವರದ ನೆನಪೆಂಬುದೇ ಇಲ್ಲ. ತಿರುಪುಗಳು ಕದಲಿದರೆ ಸ್ವರವೂ ಹೋಯಿತು. ಅಂತಹವುಗಳನ್ನು ಕೇಳಿದ ಹಾಗೆಯೇ ಉಳಿಸಲು ಸ್ಯಾಂಪ್ಲಿಂಗ್ ಒಂದೇ ಉಪಾಯ.

ಕೆಲಸದ ಕ್ರಮವನ್ನು ಹೇಳುವ ಮೊದಲು ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುವುದು ಒಳ್ಳೆಯದು. ಮೊದಲ ದಿನ ಯಂತ್ರವನ್ನು ತಂದೆಯವರ ಆಂಪ್ಲಿಫೈಯರಿಗೆ ಸಿಕ್ಕಿಸಿ, ಧ್ವನಿವರ್ಧಕದ ಮುಂದೆ ಮೈಕು ಹಿಡಿದು ಮುದ್ರಿಸಿದೆ. ಅನಂತರ ಕೇಳಿದರೆ ಸ್ವರದ ಜೊತೆಗೆ ಫ್ಯಾನಿನ ಗಾಳಿ, ಕುಕ್ಕರಿನ ಸೀಟಿ, ಬೀದಿಯ ನಾಯಿ ಎಲ್ಲವೂ ಇದ್ದವು. ಎರಡನೆಯ ದಿನ ಯಂತ್ರದಿಂದ ನೇರವಾಗಿ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗೆ ತಂತಿ ಕೊಟ್ಟೆ. ಸದ್ದು ಜೋರಾಗಿರಲೆಂದು ಪೂರ್ತಿ ಏರಿಸಿದ್ದರಿಂದ ತರಂಗದ ತಲೆಗಳೆಲ್ಲ ಕತ್ತರಿಸಿಹೋಗಿ ಕರಕರ ಎಂದಿತು. ಅತಿ ಜೋರಾದ ಪೆಟ್ಟೂ ಮೇಲಿನ ಮಿತಿಗಿಂತ ಆರರಿಂದ ಹನ್ನೆರಡು ಡೆಸಿಬೆಲ್ ಕೆಳಗಿರುವಂತೆ ಇಟ್ಟುಕೊಳ್ಳಬೇಕೆಂದು ಆಗ ತಿಳಿಯಿತು. ಮೂರನೆಯ ದಿನ ಎಲ್ಲದರ ಹಿಂದೆಯೂ ಗುಂಯ್ ಎಂಬ ಸದ್ದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಆ ಗುಂಯ್‌ಗುಡಿಕೆ ತಂತಿಗಳ ಮೂಲಕ ಒಳಗೆ ನುಸುಳಿತ್ತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತಿಟ್ಟಾಗ ಅದು ಅಡಗಿತು. ನಲವತ್ತು ವರ್ಷ ಮೈಕ್‌ಸೆಟ್ ನಡೆಸಿದ ತಂದೆಯವರು ಇದನ್ನು ಮೊದಲ ದಿನವೇ ಹೇಳಬಲ್ಲವರಾಗಿದ್ದರು. ಕೇಳದೆ ಇದ್ದುದು ನನ್ನ ತಪ್ಪು.

ಈಗ ಕ್ರಮಕ್ಕೆ ಬರೋಣ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಸ್ವರದ ವಿಷಯದಲ್ಲಿ ಮಾತ್ರ ಒಂದು ಅಗುಳು ಸಾಲದು. ಒಂದೇ ಕೀಲಿಯ ಸ್ವರವನ್ನು ಹಿಡಿದು, ಅದನ್ನೇ ಬೇಗ ಬೇಗ ಓಡಿಸಿದರೆ ಶ್ರುತಿ ಏರುತ್ತದೆ, ನಿಧಾನವಾಗಿ ಓಡಿಸಿದರೆ ಇಳಿಯುತ್ತದೆ ಎಂಬುದು ನಿಜ. ಆದರೆ ಒಂದು ಸ್ಥಾಯಿಯಷ್ಟು ಏರಿಸಬೇಕಾದರೆ ಎರಡರಷ್ಟು ವೇಗದಲ್ಲಿ ಓಡಿಸಬೇಕು. ಆಗ ಎಂಟು ಸೆಕೆಂಡಿನ ಸ್ವರ ನಾಲ್ಕೇ ಸೆಕೆಂಡಿಗೆ ಮುಗಿದುಹೋಗುತ್ತದೆ, ಗಂಡಸಿನ ಕಂಠ ಮಗುವಿನ ಕೀರಲಿನಂತಾಗುತ್ತದೆ. ಒಂದೇ ಒಂದು ಕೀಲಿಯಷ್ಟು ಜರುಗಿಸಿದರೆ ವೇಗದ ವ್ಯತ್ಯಾಸ ನೂರಕ್ಕೆ ಆರಕ್ಕಿಂತ ಸ್ವಲ್ಪ ಕಡಿಮೆ. ಕಿವಿಗೆ ಅಷ್ಟಾಗಿ ತಿಳಿಯದು. ಆದುದರಿಂದ ನಾನು ಮೂರು ಕೀಲಿಗೊಂದರಂತೆ ಹಿಡಿದೆ. ಪ್ರತಿಯೊಂದು ತುಣುಕೂ ತನ್ನ ಎಡಬಲದ ಒಂದೊಂದು ಕೀಲಿಯನ್ನೂ ನೋಡಿಕೊಳ್ಳುತ್ತದೆ. ಯಂತ್ರದಲ್ಲಿರುವ 61 ಕೀಲಿಗಳಿಗೆ ಹೀಗೆ 21 ತುಣುಕುಗಳಾದವು.

ಇಷ್ಟಕ್ಕೇ ಮುಗಿಯಲಿಲ್ಲ. ಡಿಎಕ್ಸ್-7ರಲ್ಲಿ ಕೀಲಿಯನ್ನು ಮೆಲ್ಲನೆ ಒತ್ತಿದರೆ ಒಂದು ಸ್ವರ, ಬಲವಾಗಿ ಹೊಡೆದರೆ ಇನ್ನೊಂದು. ಸದ್ದು ಹೆಚ್ಚುವುದಷ್ಟೇ ಅಲ್ಲ, ಒಳಗಿನ ತೂಗಾಟ ಹೆಚ್ಚಾಗಿ ಬಣ್ಣವೇ ಹರಿತವಾಗುತ್ತದೆ. ಮೆಲ್ಲನೆಯ ಸ್ವರವನ್ನು ಜೋರು ಮಾಡಿದ ಮಾತ್ರಕ್ಕೆ ಅದು ಬಲವಾದ ಸ್ವರವಾಗದು; ಪಿಸುಮಾತನ್ನು ಮೈಕಿನಲ್ಲಿ ಹಾಕಿದರೆ ಕೂಗಾಗುವುದೇ? ಆದ್ದರಿಂದ ಪ್ರತಿಯೊಂದು ಕೀಲಿಯನ್ನೂ ನಾಲ್ಕು ಬಲಗಳಲ್ಲಿ ಹಿಡಿಯಬೇಕಾಯಿತು.

ಎಲ್ಲ ಕೀಲಿಗಳನ್ನೂ ಒಂದೇ ಬಲದಲ್ಲಿ ಹೊಡೆಯುವುದು ಮನುಷ್ಯನ ಬೆರಳಿಗೆ ಸಾಧ್ಯವಿಲ್ಲ. ಇಲ್ಲಿ ಮಿಡಿ ಎಂಬ ಏರ್ಪಾಡು ನೆರವಿಗೆ ಬರುತ್ತದೆ. ಒಬ್ಬ ತಯಾರಕನ ವಾದ್ಯ ಇನ್ನೊಬ್ಬನ ವಾದ್ಯದೊಡನೆ ಮಾತನಾಡಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಸೇರಿ ರೂಪಿಸಿ 1983ರಲ್ಲಿ ಬಳಕೆಗೆ ತಂದ ಭಾಷೆ ಅದು. ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಅಂಕೆಗಳು, ಬಲಕ್ಕೆ 127ರವರೆಗೆ ಅಂಕೆಗಳು. ತಂತಿಯ ಮೂಲಕ ಹೋಗುವುದು ನಾದವಲ್ಲ, ಆಜ್ಞೆ ಮಾತ್ರ: 60ನೆಯ ಸ್ವರವನ್ನು 96ರ ಬಲದಿಂದ ನುಡಿಸು, ಈಗ ಬಿಡು, ಎಂದು. ನಾನು ಗಣಕದಲ್ಲಿ ಈ ಆಜ್ಞೆಗಳನ್ನು ಸಾಲಾಗಿ ಬರೆದು, 32, 64, 96, 127 ಎಂಬ ನಾಲ್ಕು ಬಲಗಳಲ್ಲಿ ಯಂತ್ರಕ್ಕೆ ಕಳುಹಿಸಿದೆ. ಮನೆಯವರೆಲ್ಲ ಊಟ ಮಾಡುತ್ತಿರುವಾಗ ಯಾರ ಕೈಯೂ ತಾಗದೆ ಯಂತ್ರ ತಾನೇ ನುಡಿಯತೊಡಗಿತು.

ಲೆಕ್ಕ ಹೀಗೆ: 21 ಕೀಲಿಗಳು, ನಾಲ್ಕು ಬಲಗಳು, ಒಟ್ಟು 84 ತುಣುಕುಗಳು. ಒಂದೊಂದಕ್ಕೆ ಎಂಟು ಸೆಕೆಂಡು, ನಡುವೆ ಎರಡು ಸೆಕೆಂಡು ಬಿಡುವು. ಒಂದು ಬಗೆಯ ಸ್ವರಕ್ಕೆ 14 ನಿಮಿಷ. ಹನ್ನೊಂದಕ್ಕೆ ಎರಡು ಗಂಟೆ 34 ನಿಮಿಷ. ಡಿಎಕ್ಸ್-7ರ ಹೊರದಾರಿ ಒಂದೇ ಆದುದರಿಂದ ಎಡ, ಬಲ ಎಂದು ಎರಡು ಬಾರಿ ಬರೆಯಬೇಕಾಗಿಲ್ಲ. 24 ಬಿಟ್ಟಿನಲ್ಲಿ ಒಂದು ಸ್ವರ ಸುಮಾರು 89 ಮೆಗಾಬೈಟ್. ಹನ್ನೊಂದೂ ಸೇರಿ ಒಂದು ಗಿಗಾಬೈಟಿನೊಳಗೆ. ಲಾರಿಯಲ್ಲಿ ಹೊತ್ತು ತಿರುಗಿದ ಯಂತ್ರದ ದುಡಿಮೆಯೆಲ್ಲ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ ಕುಳಿತುಕೊಂಡಿತು.

ಹಿಡಿಯುವುದು ಸುಲಭ, ಒಪ್ಪ ಮಾಡುವುದು ಕಷ್ಟ. 924 ತುಣುಕುಗಳ ತಲೆಯಲ್ಲಿರುವ ಮೌನವನ್ನು ಕತ್ತರಿಸಬೇಕು. ಇಲ್ಲವಾದರೆ ಕೀಲಿ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ಕೊಳಲಿನಂತೆ ನಿಂತು ನುಡಿಯುವ ಸ್ವರಗಳಲ್ಲಿ ನಡುವಿನ ಒಂದು ಭಾಗವನ್ನು ಸುತ್ತು ಸುತ್ತಾಗಿ ಓಡುವಂತೆ ಮಾಡಬೇಕು. ಆಗ ಬೆರಳು ಇರುವಷ್ಟು ಹೊತ್ತೂ ಸ್ವರ ಇರುತ್ತದೆ. ಸುತ್ತಿನ ಎರಡು ತುದಿಗಳೂ ತರಂಗವು ಸೊನ್ನೆಯನ್ನು ದಾಟುವ ಜಾಗದಲ್ಲಿ, ಒಂದೇ ದಿಕ್ಕಿಗೆ ಸಾಗುವಂತೆ ಕೂಡಬೇಕು. ತಪ್ಪಿದರೆ ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ. ಕಂಪನವಿರುವ ಸ್ವರವಾದರೆ ಕಂಪನವನ್ನು ನಿಲ್ಲಿಸಿಯೇ ಹಿಡಿಯಬೇಕು. ಏಕೆಂದರೆ ತುಣುಕನ್ನು ವೇಗವಾಗಿ ಓಡಿಸಿದಾಗ ಕಂಪನವೂ ವೇಗವಾಗಿ, ಕೀಲಿಗೊಂದು ಬಗೆಯಾಗುತ್ತದೆ. ಕಂಪನವನ್ನು ಅನಂತರ ಸಾಫ್ಟ್‌ವೇರಿನಲ್ಲಿಯೇ ಸೇರಿಸಬಹುದು.

ಕಡೆಗೆ, ಯಾವ ತುಣುಕು ಯಾವ ಕೀಲಿಗೆ, ಯಾವ ಬಲಕ್ಕೆ ಸೇರಿದುದೆಂದು ಒಂದು ಪಟ್ಟಿ ಬರೆಯಬೇಕು. ನಾನು ಎಸ್‌ಎಫ್‌ಜೆಡ್ ಎಂಬ ಕ್ರಮವನ್ನು ಆರಿಸಿಕೊಂಡೆ. ಅದು ಅಂಗಡಿಯ ಖಾತೆ ಪುಸ್ತಕದಂತೆ ಯಾರು ಬೇಕಾದರೂ ಓದಬಹುದಾದ ಸಾದಾ ಬರಹ. ಇಂದಿನ ಸಾಫ್ಟ್‌ವೇರ್ ನಾಳೆ ಮರೆಯಾದರೂ ಆ ಬರಹವನ್ನು ಓದಿ, ತುಣುಕುಗಳನ್ನು ಮತ್ತೆ ಜೋಡಿಸಿಕೊಳ್ಳಬಹುದು. ಒಮ್ಮೆ ಬ್ಯಾಟರಿಯನ್ನು ನಂಬಿ ಕೆಟ್ಟವರಿಗೆ ಇದು ಸಣ್ಣ ಮಾತಲ್ಲ. ಮೂರು ಪ್ರತಿಗಳನ್ನು ಮಾಡಿ ಮೂರು ಮನೆಗಳಲ್ಲಿ ಇಟ್ಟಿದ್ದೇವೆ.

ಈ ವಿದ್ಯೆಯ ಮಿತಿಯನ್ನೂ ಹೇಳದಿದ್ದರೆ ಲೇಖನ ಏಕಪಕ್ಷೀಯವಾದೀತು. ನಮ್ಮ ಸಂಗೀತದ ಜೀವಾಳವಾದ ಗಮಕವು ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲಿದೆ. ಸ್ಯಾಂಪಲ್ಲುಗಳಾದರೋ ಬಿಡಿ ಬಿಡಿ ಮಣಿಗಳು. ಇದೇ ಕಾರಣದಿಂದ ಹಾರ್ಮೋನಿಯಮ್ಮನ್ನು 1940ರಲ್ಲಿ ನಮ್ಮ ದೇಶದ ರೇಡಿಯೊ ನಿಷೇಧಿಸಿತ್ತು. 1971ರಲ್ಲಷ್ಟೇ ನಿರ್ಬಂಧ ಸಡಿಲವಾಯಿತು. ಸಿಂಥಸೈಜರಿನ ಪಕ್ಕದ ಚಕ್ರವನ್ನು ತಿರುಗಿಸಿ ಶ್ರುತಿಯನ್ನು ಜಾರಿಸಬಹುದು, ಸಾಫ್ಟ್‌ವೇರಿನಲ್ಲಿಯೂ ಅದುಂಟು. ಆದರೆ ಎಲ್ಲಿ, ಎಷ್ಟು ಜಾರಿಸಬೇಕೆಂಬುದು ನುಡಿಸುವವನ ಕೈಯಲ್ಲಿದೆಯೇ ಹೊರತು ತುಣುಕಿನಲ್ಲಿಲ್ಲ. ತಂಬೂರಿಯಂತೆ ಒಂದೇ ನೆಲೆಯಲ್ಲಿ ನಿಲ್ಲುವ ನಾದಕ್ಕೆ ಸ್ಯಾಂಪ್ಲಿಂಗ್ ಚೆನ್ನಾಗಿ ಒಪ್ಪುತ್ತದೆ. ಇಂದು ಗಾಯಕರು ಮೊಬೈಲಿನಲ್ಲಿ ಇಟ್ಟುಕೊಳ್ಳುವ ತಂಬೂರಿಗಳಲ್ಲಿ ಅನೇಕವು ನಿಜವಾದ ತಂಬೂರಿಯಿಂದ ಹಿಡಿದ ತುಣುಕುಗಳೇ.

ಹಕ್ಕಿನ ಮಾತೂ ಒಂದಿದೆ. ತಾನೇ ಕಟ್ಟಿದ ಸ್ವರವನ್ನು ತನ್ನ ಯಂತ್ರದಿಂದ ಹಿಡಿಯುವುದು ಬೇರೆ. ಇನ್ನೊಬ್ಬರ ಮುದ್ರಿತ ಹಾಡಿನಿಂದ ತುಣುಕು ಕತ್ತರಿಸುವುದು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನವು ಧ್ವನಿಮುದ್ರಣಗಳಿಗೂ ರಕ್ಷಣೆ ಕೊಟ್ಟಿದೆ. ಅಂತಹವನ್ನು ಬಳಸಲು ಒಡೆಯರ ಒಪ್ಪಿಗೆ ಬೇಕು. ಶಾಸನಕ್ಕೂ ಮೊದಲು ಮನಸ್ಸಾಕ್ಷಿ. ಕೆಲಸ ಅರ್ಧವಾಗಿದ್ದಾಗ ಮಾವನವರು ಒಂದು ಸಂಜೆ, "ಎಲ್ಲಾನೂ ಇದರೊಳಗೆ ತುಂಬಿಬಿಟ್ಟರೆ ನಾಳೆ ನನ್ನ ಯಾರು ಕರೀತಾರಪ್ಪ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರ ಬಂದಾಗ ಕೆಲಸ ಹೋಗುವುದನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದೆ. ಮನೆಯ ಜಗಲಿಯಲ್ಲಿ ಕೇಳಿರಲಿಲ್ಲ. ಮಾವನವರ ಈ ಯಂತ್ರವೂ ಒಂದು ಕಾಲಕ್ಕೆ ಓಲಗದವರ ಕೆಲಸವನ್ನು ಸ್ವಲ್ಪ ಕಿತ್ತುಕೊಂಡಿತ್ತೆಂಬುದು ಆಗ ನೆನಪಾಯಿತು. ತುಣುಕುಗಳು ಮಾವನವರ ಸ್ವತ್ತು, ಅವರ ಮಾತಿಲ್ಲದೆ ಯಾರಿಗೂ ಕೊಡುವುದಿಲ್ಲ ಎಂದು ಪಟ್ಟಿಯ ಮೊದಲ ಸಾಲಿನಲ್ಲಿ ಬರೆದೆ. ಅಷ್ಟು ಮಾತ್ರ ನನ್ನಿಂದ ಸಾಧ್ಯವಾಯಿತು.

ಈ ವರ್ಷದ ಕಾಲೇಜು ವಾರ್ಷಿಕೋತ್ಸವದಲ್ಲಿ ನಾನು ಚಿಕ್ಕ ಕೀಲಿಮಣೆಯೊಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆ ಸ್ವರಗಳಲ್ಲಿ ನಾಡಗೀತೆಯನ್ನು ನುಡಿಸಿದೆ. ಮಾವನವರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರು. ಮುಗಿದ ಮೇಲೆ, "ಸ್ವರ ನನ್ನದೇ, ಅನುಮಾನ ಇಲ್ಲ. ಆದರೆ ಎಡಗೈ ಅವಸರ ಮಾಡ್ತೀಯ" ಎಂದರು. ಅವರ ಪ್ರಶ್ನೆಗೆ ಅವರೇ ಕೊಟ್ಟ ಉತ್ತರ ಅದೆಂದು ನಾನು ತಿಳಿದಿದ್ದೇನೆ. ಮರುವಾರದಿಂದ ಭಾನುವಾರಗಳಂದು ಅವರ ಬಳಿ ಪಾಠಕ್ಕೆ ಹೋಗುತ್ತಿದ್ದೇನೆ.

ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಳೆಯ ಹಾರ್ಮೋನಿಯಂ, ಕೀಬೋರ್ಡು, ಯಾವುದೇ ವಾದ್ಯ ಮೂಲೆ ಸೇರಿದ್ದರೆ, ಅದು ನುಡಿಯುತ್ತಿರುವಾಗಲೇ ಅದರ ಸ್ವರಗಳನ್ನು ಹಿಡಿದಿಡಿ. ಒಳ್ಳೆಯ ತಂತಿಯೊಂದು, ನಿಶ್ಶಬ್ದವಾದ ಒಂದು ಮಧ್ಯಾಹ್ನ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಮನೆಯಲ್ಲಿ ತಿಳಿದ ಹಿರಿಯರಿದ್ದರೆ ಅವರನ್ನು ಮೊದಲೇ ಕೇಳಿ. ನಮ್ಮ ಪಟ್ಟಿಯಲ್ಲಿ ಹನ್ನೆರಡನೆಯ ಸಾಲು ಇನ್ನೂ ಖಾಲಿಯಾಗಿದೆ. ಮಾವನವರು ಬಿಡುವಾದಾಗಲೆಲ್ಲ ಆ ನಾಗಸ್ವರವನ್ನು ಹುಡುಕುತ್ತಲೇ ಇದ್ದಾರೆ.